ಮರಣೋತ್ತರ ಪರೀಕ್ಷೆಯಿಂದ ತಿಳಿದುಬರುವ ಹೃದ್ರೋಗದ ಸ್ವರೂಪಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಆರೋಗ್ಯವಂತರೆಂದು ಭಾವಿಸಲಾಗಿದ್ದ ವ್ಯಕ್ತಿಯೊಬ್ಬರು ಹಠಾತ್ತನೆ ಮೃತಪಟ್ಟಾಗ ಕುಟುಂಬದ ಸದಸ್ಯರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಸಾವಿಗೆ ಕಾರಣವೇನು ಎಂಬುದು ಮೊದಲನೆಯದು. ಅದೇ ಕಾರಣವು ಮನೆಯ ಇತರರಲ್ಲಿಯೂ ಅಡಗಿರಬಹುದೇ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ಖಚಿತ ಉತ್ತರ ನೀಡಬಲ್ಲ ಮುಖ್ಯ ವಿಧಾನವೆಂದರೆ ಮರಣೋತ್ತರ ಪರೀಕ್ಷೆ. ಆದರೆ ದುಃಖದ ಸಮಯದಲ್ಲಿ ಅನೇಕ ಕುಟುಂಬಗಳು ಇದಕ್ಕೆ ಹಿಂಜರಿಯುತ್ತವೆ. ಪರೀಕ್ಷೆ ನಡೆದ ಪ್ರಕರಣಗಳಲ್ಲಿಯೂ ವರದಿಯಲ್ಲಿನ ಪದಗಳ ಅರ್ಥ ತಿಳಿಯದೆ, ಮರಣ ಪ್ರಮಾಣಪತ್ರ, ವಿಮೆ ಮುಂತಾದ ಕಾರ್ಯಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸಂದರ್ಭಗಳಿವೆ.

ಈ ಹಿನ್ನೆಲೆಯಲ್ಲಿ, ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಕಾಯಿಲೆಗಳು ಯಾವ ಯಾವ ಸ್ವರೂಪದಲ್ಲಿ ಕಂಡುಬರುತ್ತವೆ, ಅವುಗಳಿಂದ ವೈದ್ಯವಿಜ್ಞಾನವು ಏನನ್ನು ಅರಿತುಕೊಂಡಿದೆ, ಮತ್ತು ಅರ್ಜಿದಾರರು ಯಾವ ದಾಖಲೆಯನ್ನು ಎಲ್ಲಿಂದ ಪಡೆಯಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಮರಣೋತ್ತರ ಪರೀಕ್ಷೆಯ ವಿಧಗಳು

ಮರಣೋತ್ತರ ಪರೀಕ್ಷೆಯು ಮುಖ್ಯವಾಗಿ ಎರಡು ವಿಧವಾಗಿದೆ.

(ಅ) ನ್ಯಾಯ ವೈದ್ಯಕೀಯ ಪರೀಕ್ಷೆ: ಅಪಘಾತ, ಆತ್ಮಹತ್ಯೆ, ಕೊಲೆ ಅಥವಾ ಅನುಮಾನಾಸ್ಪದ ಸಾವುಗಳಲ್ಲಿ ಪೊಲೀಸ್ ಠಾಣಾಧಿಕಾರಿಯವರು ಶವಪಂಚನಾಮೆ ನಡೆಸಿ, ಸಾವಿನ ಕಾರಣದ ಬಗ್ಗೆ ಸಂದೇಹವಿದ್ದಲ್ಲಿ ಶವವನ್ನು ಸರ್ಕಾರಿ ವೈದ್ಯಾಧಿಕಾರಿಗಳ ಪರೀಕ್ಷೆಗೆ ಕಳುಹಿಸುತ್ತಾರೆ. 2024ರ ಜುಲೈ 1ರಿಂದ ಈ ಕ್ರಮವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 194ನೇ ಪ್ರಕರಣದಂತೆ ನಡೆಯುತ್ತದೆ. ಅದಕ್ಕೂ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಪ್ರಕರಣವು ಜಾರಿಯಲ್ಲಿತ್ತು. ಈ ವಿಧದ ಪರೀಕ್ಷೆಗೆ ವಾರಸುದಾರರ ಒಪ್ಪಿಗೆ ಅಗತ್ಯವಿರುವುದಿಲ್ಲ.

(ಆ) ರೋಗನಿದಾನ ಪರೀಕ್ಷೆ: ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ರೋಗಿಯು ಮೃತಪಟ್ಟಾಗ, ಕಾಯಿಲೆಯ ನಿಜಸ್ವರೂಪವನ್ನು ಅರಿಯುವ ಉದ್ದೇಶದಿಂದ ನಡೆಸುವ ಪರೀಕ್ಷೆ ಇದಾಗಿದೆ. ಇದಕ್ಕೆ ಸಮೀಪದ ಬಂಧುವಿನ ಲಿಖಿತ ಒಪ್ಪಿಗೆ ಅಗತ್ಯ.

ಮೊದಲನೆಯ ವಿಧದ ಉದ್ದೇಶ ಕಾನೂನಿನ ಪಾಲನೆ, ಎರಡನೆಯದರ ಉದ್ದೇಶ ಕಾಯಿಲೆಯ ಅರಿವು. ಆದರೂ ಹೃದಯದ ಮಟ್ಟಿಗೆ ಎರಡರಲ್ಲಿಯೂ ಪರಿಶೀಲಿಸುವ ಅಂಶಗಳು ಬಹುತೇಕ ಒಂದೇ ಆಗಿರುತ್ತವೆ.

3. ಹೃದಯವನ್ನು ಪರಿಶೀಲಿಸುವ ಕ್ರಮ

ಹೃದಯವನ್ನು ಮೊದಲು ಅದರ ಸ್ಥಾನದಲ್ಲಿಯೇ ನೋಡಲಾಗುತ್ತದೆ. ಹೃದಯವನ್ನು ಆವರಿಸಿರುವ ಪೊರೆಯೊಳಗೆ ರಕ್ತ ಅಥವಾ ನೀರು ತುಂಬಿದೆಯೇ, ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವಿದೆಯೇ ಎಂಬುದನ್ನು ಗಮನಿಸಿ, ಅನಂತರ ಹೃದಯವನ್ನು ಹೊರತೆಗೆದು ತೂಕ ಮಾಡಲಾಗುತ್ತದೆ. ವಯಸ್ಕ ಪುರುಷರ ಹೃದಯವು ಸಾಮಾನ್ಯವಾಗಿ ಸುಮಾರು 300 ಗ್ರಾಂ, ಸ್ತ್ರೀಯರ ಹೃದಯವು ಸುಮಾರು 250 ಗ್ರಾಂ ತೂಗುತ್ತದೆ. ದೇಹದ ಗಾತ್ರಕ್ಕೆ ಅನುಗುಣವಾಗಿ ಇದರಲ್ಲಿ ವ್ಯತ್ಯಾಸವಿರುತ್ತದೆ.

ಬಳಿಕ ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೊನರಿ ಧಮನಿಗಳನ್ನು ಕೆಲವೇ ಮಿಲಿಮೀಟರ್ ಅಂತರದಲ್ಲಿ ಅಡ್ಡಲಾಗಿ ಕತ್ತರಿಸಿ, ಒಳಗಿನ ಕಿರಿದಾಗುವಿಕೆ ಎಷ್ಟು ಪ್ರಮಾಣದಲ್ಲಿದೆ ಮತ್ತು ಹೆಪ್ಪುಗಟ್ಟಿದ ರಕ್ತವಿದೆಯೇ ಎಂದು ನೋಡಲಾಗುತ್ತದೆ. ಹೃದಯದ ಕೋಣೆಗಳ ಗೋಡೆಯ ದಪ್ಪವನ್ನು ಅಳೆದು, ನಾಲ್ಕು ಕವಾಟಗಳನ್ನು ಪರಿಶೀಲಿಸಿ, ಸ್ನಾಯುವಿನ ಬೇರೆ ಬೇರೆ ಭಾಗಗಳಿಂದ ಸಣ್ಣ ತುಣುಕುಗಳನ್ನು ಸೂಕ್ಷ್ಮದರ್ಶಕ ಪರೀಕ್ಷೆಗಾಗಿ ಫಾರ್ಮಲಿನ್ ದ್ರಾವಣದಲ್ಲಿ ಸಂರಕ್ಷಿಸಲಾಗುತ್ತದೆ. ವಿಷಪ್ರಾಶನದ ಸಂದೇಹವಿದ್ದಲ್ಲಿ ಹೊಟ್ಟೆ, ಯಕೃತ್ತು, ಮೂತ್ರಪಿಂಡ ಮುಂತಾದ ಒಳಾಂಗಗಳ ಭಾಗಗಳು ಮತ್ತು ರಕ್ತವನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ.

4. ಸಾಮಾನ್ಯವಾಗಿ ಕಂಡುಬರುವ ಸ್ವರೂಪಗಳು

4.1 ಕೊರೊನರಿ ಧಮನಿಗಳ ಕಾಯಿಲೆ

ವಯಸ್ಕರ ಹಠಾತ್ ಸಾವುಗಳಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವ ಸ್ವರೂಪವಿದು. ಧಮನಿಯ ಒಳಪದರದಲ್ಲಿ ಕೊಬ್ಬು, ನಾರು ಹಾಗೂ ಸುಣ್ಣದಂಶ ಸೇರಿ ಗಂಟುಗಳಾಗುತ್ತವೆ. ಮುಖ್ಯ ಧಮನಿಗಳ ಪೈಕಿ ಹೃದಯದ ಮುಂಭಾಗದಲ್ಲಿ ಇಳಿದುಬರುವ ಎಡ ಶಾಖೆಯು ಅತಿ ಹೆಚ್ಚು ಬಾಧಿತವಾಗುತ್ತದೆ. ಬಲ ಕೊರೊನರಿ ಧಮನಿ ಹಾಗೂ ಸುತ್ತುವರಿದು ಹೋಗುವ ಎಡ ಶಾಖೆಗಳು ಅನಂತರದ ಸ್ಥಾನದಲ್ಲಿವೆ. ಒಳದಾರಿಯ ಅಡ್ಡಳತೆಯು ಶೇ. 75ಕ್ಕಿಂತ ಹೆಚ್ಚು ಮುಚ್ಚಿಹೋಗಿದ್ದಲ್ಲಿ ಅದನ್ನು ತೀವ್ರ ಸ್ವರೂಪವೆಂದು ಪರಿಗಣಿಸುವುದು ವಾಡಿಕೆ.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಮಾರಕ ಹೃದಯಾಘಾತಗಳ ಬಹುಪಾಲು ಪ್ರಕರಣಗಳಲ್ಲಿ ಧಮನಿಯು ನಿಧಾನವಾಗಿ ಪೂರ್ತಿ ಮುಚ್ಚಿಹೋಗಿರುವುದಿಲ್ಲ. ಕೊಬ್ಬಿನ ಗಂಟಿನ ಮೇಲಿನ ತೆಳು ಹೊದಿಕೆಯು ಒಡೆದು, ಅಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಇಂತಹ ಗಂಟು ಅದಕ್ಕೂ ಮೊದಲು ಯಾವ ತೊಂದರೆಯನ್ನೂ ಕೊಡದಷ್ಟು ಚಿಕ್ಕದಾಗಿದ್ದಿರಬಹುದು. ನಿನ್ನೆಯವರೆಗೆ ಯಾವ ನೋವೂ ಇಲ್ಲದೆ ಓಡಾಡಿಕೊಂಡಿದ್ದವರು ಇಂದು ಕುಸಿದು ಬೀಳುವುದಕ್ಕೆ ಕಾರಣ ಇದೇ. ಧೂಮಪಾನಿಗಳಲ್ಲಿ ಹಾಗೂ ಕಿರಿಯ ವಯಸ್ಸಿನ ಸ್ತ್ರೀಯರಲ್ಲಿ ಹೊದಿಕೆಯು ಒಡೆಯದೆ ಕೇವಲ ಸವೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಪ್ರಕರಣಗಳೂ ಕಂಡುಬರುತ್ತವೆ.

4.2 ಹೃದಯಾಘಾತದ ಗುರುತುಗಳು ಮತ್ತು ಕಾಲ

ರಕ್ತ ಪೂರೈಕೆ ನಿಂತ ಕೂಡಲೇ ಸ್ನಾಯುವಿನಲ್ಲಿ ಬದಲಾವಣೆ ಬರಿಗಣ್ಣಿಗೆ ಕಾಣುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಹೃದಯವು ನೋಟಕ್ಕೆ ಸಹಜವಾಗಿಯೇ ಇರುತ್ತದೆ. ಸುಮಾರು 12ರಿಂದ 24 ಗಂಟೆಗಳ ವೇಳೆಗೆ ಬಾಧಿತ ಭಾಗವು ಕಪ್ಪಾಗತೊಡಗುತ್ತದೆ. ಮುಂದಿನ ದಿನಗಳಲ್ಲಿ ಅದು ಹಳದಿ ಬಣ್ಣಕ್ಕೆ ತಿರುಗಿ ಮೆದುವಾಗುತ್ತದೆ. ಸುಮಾರು ಆರರಿಂದ ಎಂಟು ವಾರಗಳಲ್ಲಿ ಬಿಳಿಯ ಗಟ್ಟಿ ಕಲೆಯಾಗಿ ಮಾರ್ಪಡುತ್ತದೆ.

ಆದ್ದರಿಂದ ಎದೆನೋವು ಕಾಣಿಸಿಕೊಂಡು ಒಂದು ಗಂಟೆಯೊಳಗೆ ಮೃತಪಟ್ಟವರಲ್ಲಿ ಸ್ನಾಯುವಿನ ಮೇಲೆ ಹೃದಯಾಘಾತದ ಗುರುತು ಇಲ್ಲದಿರುವುದು ಅಸಹಜವಲ್ಲ. ಅಂತಹ ಪ್ರಕರಣಗಳಲ್ಲಿ ವೈದ್ಯರು ಧಮನಿಗಳ ಸ್ಥಿತಿಯನ್ನು ಆಧರಿಸಿ ಅಭಿಪ್ರಾಯ ನೀಡುತ್ತಾರೆ. ಟೆಟ್ರಜೋಲಿಯಂ ಎಂಬ ರಾಸಾಯನಿಕದಲ್ಲಿ ಹೃದಯದ ಹೋಳನ್ನು ಅದ್ದಿದಾಗ ಆರೋಗ್ಯಕರ ಸ್ನಾಯುವು ಕೆಂಪಾಗುತ್ತದೆ, ಹಾನಿಗೊಂಡ ಭಾಗ ಮಾತ್ರ ಬಿಳಿಚಿಕೊಂಡು ಉಳಿಯುತ್ತದೆ. ಈ ವಿಧಾನದಿಂದ ಎರಡು ಮೂರು ಗಂಟೆಗಳಷ್ಟು ಹಿಂದಿನ ಆಘಾತವನ್ನೂ ಗುರುತಿಸಲು ಸಾಧ್ಯವಿದೆ.

ಹಳೆಯ ಬಿಳಿಯ ಕಲೆಗಳು ಕಂಡುಬಂದಲ್ಲಿ, ಮೃತರಿಗೆ ಹಿಂದೆಯೇ ಹೃದಯಾಘಾತವಾಗಿತ್ತೆಂದು ಅರ್ಥ. ಕುಟುಂಬದವರಿಗೆ ಹಾಗೂ ಸ್ವತಃ ಮೃತರಿಗೆ ಇದು ಗೊತ್ತೇ ಇಲ್ಲದಿರುವ ಸಂದರ್ಭಗಳು ಸಾಕಷ್ಟಿವೆ. ಮಧುಮೇಹಿಗಳಲ್ಲಿ ನೋವಿಲ್ಲದ ಹೃದಯಾಘಾತ ಹೆಚ್ಚು. ಹೊಟ್ಟೆಯುರಿ, ಗ್ಯಾಸ್ ಎಂದು ಕಡೆಗಣಿಸಿದ ತೊಂದರೆಯು ಹೃದಯಾಘಾತವೇ ಆಗಿದ್ದಿರಬಹುದು.

4.3 ಹೃದಯದ ಗೋಡೆ ಒಡೆಯುವುದು ಹಾಗೂ ಮಹಾಧಮನಿ ಸೀಳುವುದು

ಹೃದಯಾಘಾತವಾದ ಮೂರರಿಂದ ಏಳು ದಿನಗಳ ಅವಧಿಯಲ್ಲಿ ಮೆದುವಾದ ಗೋಡೆಯು ಒಡೆದು, ಹೃದಯದ ಹೊರಪೊರೆಯೊಳಗೆ ರಕ್ತ ತುಂಬಿ ಹೃದಯ ನಿಲ್ಲುವುದುಂಟು. ದೀರ್ಘಕಾಲದ ಅಧಿಕ ರಕ್ತದೊತ್ತಡ ಅಥವಾ ಅನುವಂಶೀಯ ದೌರ್ಬಲ್ಯದಿಂದ ಮಹಾಧಮನಿಯ ಪದರಗಳು ಸೀಳಿದಾಗಲೂ ಇದೇ ಚಿತ್ರ ಕಾಣುತ್ತದೆ. ಹೊರನೋಟಕ್ಕೆ ಎರಡೂ ಸಾವುಗಳು ಒಂದೇ ತೆರನಾಗಿದ್ದರೂ, ಕುಟುಂಬಕ್ಕೆ ನೀಡಬೇಕಾದ ಸಲಹೆ ಮಾತ್ರ ಬೇರೆ.

4.4 ರಕ್ತದೊತ್ತಡದ ಹೃದಯ

ವರ್ಷಗಟ್ಟಲೆ ಹತೋಟಿಯಿಲ್ಲದ ರಕ್ತದೊತ್ತಡವಿದ್ದವರಲ್ಲಿ ಎಡ ಹೃತ್ಕುಕ್ಷಿಯ ಗೋಡೆಯು ಸಮನಾಗಿ ದಪ್ಪಗಾಗಿ, ಹೃದಯದ ತೂಕವು 500 ಗ್ರಾಂ ಅಥವಾ ಅದಕ್ಕಿಂತಲೂ ಹೆಚ್ಚಾಗಿರಬಹುದು. ಇಂತಹ ಹೃದಯದಲ್ಲಿ ಧಮನಿಗಳು ಮುಚ್ಚಿಲ್ಲದಿದ್ದರೂ ಬಡಿತದ ಲಯ ತಪ್ಪಿ ಹಠಾತ್ ಸಾವು ಸಂಭವಿಸಬಹುದು. ಮೂತ್ರಪಿಂಡ ಮತ್ತು ಮೆದುಳಿನ ಸೂಕ್ಷ್ಮ ರಕ್ತನಾಳಗಳಲ್ಲಿಯೂ ಅನುಗುಣವಾದ ಬದಲಾವಣೆಗಳು ಕಾಣುತ್ತವೆ.

4.5 ಹೃದಯ ಸ್ನಾಯುವಿನ ಸ್ವಂತ ಕಾಯಿಲೆಗಳು

ಸ್ನಾಯುವು ಕಾರಣವಿಲ್ಲದೆ ದಪ್ಪಗಾಗುವ ಅನುವಂಶೀಯ ಕಾಯಿಲೆಯು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು. ಇದರಲ್ಲಿ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯು ಉಳಿದ ಭಾಗಕ್ಕಿಂತ ಹೆಚ್ಚು ದಪ್ಪಗಿರುವುದು ಸಾಮಾನ್ಯ. ಸೂಕ್ಷ್ಮದರ್ಶಕದಲ್ಲಿ ಸ್ನಾಯುತಂತುಗಳು ಅಸ್ತವ್ಯಸ್ತವಾಗಿ ಹೆಣೆದುಕೊಂಡಿರುತ್ತವೆ. ಬಲ ಹೃತ್ಕುಕ್ಷಿಯ ಸ್ನಾಯುವಿನ ಜಾಗದಲ್ಲಿ ಕೊಬ್ಬು ಹಾಗೂ ನಾರು ಸೇರಿಕೊಳ್ಳುವ ಇನ್ನೊಂದು ಕಾಯಿಲೆಯೂ ಇದೆ. ಆಟದ ಮೈದಾನದಲ್ಲಿ, ವ್ಯಾಯಾಮದ ವೇಳೆ ಕುಸಿದು ಬೀಳುವ ತರುಣರಲ್ಲಿ ಇವೆರಡನ್ನೂ ಹುಡುಕಲಾಗುತ್ತದೆ. ಅತಿಯಾದ ಮದ್ಯಪಾನದಿಂದ ಹೃದಯವು ಹಿಗ್ಗಿ ಬಲಗುಂದುವುದು ಈ ಗುಂಪಿನ ಮತ್ತೊಂದು ಸ್ವರೂಪ.

4.6 ಸ್ನಾಯುವಿನ ಉರಿಯೂತ

ವೈರಾಣು ಸೋಂಕಿನ ನಂತರ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗಬಹುದು. ಬರಿಗಣ್ಣಿಗೆ ಹೃದಯವು ಬಹುತೇಕ ಸಹಜವಾಗಿ ಕಾಣುವುದರಿಂದ ಸೂಕ್ಷ್ಮದರ್ಶಕ ಪರೀಕ್ಷೆಯಿಲ್ಲದೆ ಇದನ್ನು ದೃಢಪಡಿಸಲಾಗದು. ಸಣ್ಣ ಜ್ವರವಿದ್ದು, ಅನಂತರ ಹಠಾತ್ ಮೃತಪಟ್ಟ ಮಕ್ಕಳು ಹಾಗೂ ಯುವಕರಲ್ಲಿ ಈ ಸಾಧ್ಯತೆಯನ್ನು ಪರಿಗಣಿಸಲಾಗುತ್ತದೆ.

4.7 ಕವಾಟಗಳ ಕಾಯಿಲೆ

ಬಾಲ್ಯದಲ್ಲಿ ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಅನಂತರ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವು ಅಂಟಿಕೊಂಡು, ಮೀನಿನ ಬಾಯಿಯಂತೆ ಕಿರಿದಾದ ಸೀಳಾಗಿ ಉಳಿದಿರುವುದು ಇದರ ವಿಶಿಷ್ಟ ಗುರುತು. ಶ್ರೀಮಂತ ರಾಷ್ಟ್ರಗಳ ಶವಪರೀಕ್ಷಾ ಕೊಠಡಿಗಳಲ್ಲಿ ಇಂದು ಅಪರೂಪವಾಗಿರುವ ಈ ಸ್ವರೂಪವು ಭಾರತದಲ್ಲಿ ಇನ್ನೂ ಕಂಡುಬರುತ್ತಿದೆ. ಗಂಟಲುನೋವಿಗೆ ಸಕಾಲದಲ್ಲಿ ಚಿಕಿತ್ಸೆ ನೀಡುವುದರಿಂದ ಹಾಗೂ ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ನೀಡುವುದರಿಂದ ಇದನ್ನು ತಡೆಯಬಹುದಾಗಿದೆ.

5. ಹೃದಯವು ಸಹಜವಾಗಿ ಕಂಡಾಗ

ಕೆಲವು ಹಠಾತ್ ಸಾವುಗಳಲ್ಲಿ, ವಿಶೇಷವಾಗಿ ಯುವಜನರಲ್ಲಿ, ಧಮನಿ, ಸ್ನಾಯು, ಕವಾಟ ಎಲ್ಲವೂ ಸಹಜವಾಗಿದ್ದು ವಿಷಪರೀಕ್ಷೆಯೂ ಋಣಾತ್ಮಕವಾಗಿರುತ್ತದೆ. ಇದನ್ನು ಕಂಡು ಪರೀಕ್ಷೆಯೇ ವ್ಯರ್ಥವಾಯಿತೆಂದು ಕುಟುಂಬದವರು ಭಾವಿಸುವುದುಂಟು. ಇದು ಸರಿಯಲ್ಲ. ಹೃದಯದ ವಿದ್ಯುತ್ ವ್ಯವಸ್ಥೆಯ ಕಾಯಿಲೆಗಳು, ಉದಾಹರಣೆಗೆ ದೀರ್ಘ ಕ್ಯೂಟಿ ದೋಷ ಹಾಗೂ ಬ್ರುಗಾಡಾ ದೋಷ, ಹೃದಯದ ರಚನೆಯಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ. ಇವು ಅನುವಂಶೀಯವಾದವು. ಆದುದರಿಂದ ಕಾರಣ ಪತ್ತೆಯಾಗದ ವರದಿಯು, ಮೃತರ ತಂದೆ ತಾಯಿ, ಸಹೋದರ ಸಹೋದರಿಯರು ಹಾಗೂ ಮಕ್ಕಳು ಹೃದ್ರೋಗ ತಜ್ಞರಲ್ಲಿ ಇಸಿಜಿ ಮತ್ತು ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದಕ್ಕೆ ಬಲವಾದ ಸೂಚನೆಯಾಗಿದೆ. ಮೃತರ ರಕ್ತದ ಮಾದರಿಯನ್ನು ಸಂರಕ್ಷಿಸಿದ್ದಲ್ಲಿ ವಂಶವಾಹಿ ಪರೀಕ್ಷೆಗೂ ಅವಕಾಶವಿರುತ್ತದೆ.

6. ಶವಪರೀಕ್ಷೆಗಳಿಂದ ಜಗತ್ತು ಕಲಿತ ಪಾಠಗಳು

ಇಟಲಿಯ ವೈದ್ಯ ಮೊರ್ಗಾಗ್ನಿಯವರು 1761ರಲ್ಲಿ, ರೋಗಿಗಳ ಲಕ್ಷಣಗಳನ್ನೂ ಶವಪರೀಕ್ಷೆಯಲ್ಲಿ ಕಂಡ ಬದಲಾವಣೆಗಳನ್ನೂ ಹೋಲಿಸಿ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಕಾಯಿಲೆಗೆ ದೇಹದ ನಿರ್ದಿಷ್ಟ ಅಂಗವೇ ನೆಲೆ ಎಂಬ ತಿಳಿವಳಿಕೆಯು ಅಲ್ಲಿಂದ ಬಲಗೊಂಡಿತು. ಹೃದ್ರೋಗದ ವಿಷಯದಲ್ಲಿ ಈ ಕೆಳಕಂಡ ಅಧ್ಯಯನಗಳು ಮುಖ್ಯವಾದವು.

(ಅ) ಕೊರಿಯಾ ಯುದ್ಧ, 1953: ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಎನೋಸ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿದರು. ಸೈನಿಕರ ಸರಾಸರಿ ವಯಸ್ಸು 22 ವರ್ಷ. ಅವರಲ್ಲಿ ಶೇ. 77.3ರಷ್ಟು ಮಂದಿಯ ಕೊರೊನರಿ ಧಮನಿಗಳಲ್ಲಿ ಬರಿಗಣ್ಣಿಗೆ ಕಾಣುವ ಕಾಯಿಲೆಯಿತ್ತು. ಹೃದ್ರೋಗವು ವೃದ್ಧಾಪ್ಯದ ಕಾಯಿಲೆ ಎಂಬ ನಂಬಿಕೆಯನ್ನು ಈ ಅಂಕಿ ಅಲುಗಾಡಿಸಿತು.

(ಆ) ವಿಯೆಟ್ನಾಂ ಯುದ್ಧ, 1971: 105 ಸೈನಿಕರ ಪರೀಕ್ಷೆಯಲ್ಲಿ ಶೇ. 45ರಷ್ಟು ಮಂದಿಯಲ್ಲಿ ಕಾಯಿಲೆ ಕಂಡುಬಂದಿತು.

(ಇ) ಇರಾಕ್ ಮತ್ತು ಆಫ್ಘಾನಿಸ್ತಾನ, 2012: 2001ರಿಂದ 2011ರ ಅವಧಿಯಲ್ಲಿ ಮೃತಪಟ್ಟ 3,832 ಸೈನಿಕರ ಪರೀಕ್ಷೆಯಲ್ಲಿ ಈ ಪ್ರಮಾಣವು ಶೇ. 8.5ಕ್ಕೆ ಇಳಿದಿತ್ತು. ಪರೀಕ್ಷಾ ವಿಧಾನ ಹಾಗೂ ಸೈನಿಕರ ಆಯ್ಕೆಯಲ್ಲಿ ವ್ಯತ್ಯಾಸವಿರುವುದರಿಂದ ಮೂರು ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಧೂಮಪಾನ, ರಕ್ತದೊತ್ತಡ ಹಾಗೂ ಕೊಲೆಸ್ಟರಾಲ್ ಹತೋಟಿಗೆ ಬಂದಲ್ಲಿ ಕಾಯಿಲೆಯೂ ಕಡಿಮೆಯಾಗಬಲ್ಲದು ಎಂಬ ಆಶಾದಾಯಕ ಸೂಚನೆ ಇದರಲ್ಲಿದೆ.

(ಈ) ಬ್ರಿಟನ್ ಸಮೀಕ್ಷೆ, 1958: ಜೆ.ಎನ್. ಮಾರಿಸ್ ಅವರು ದೇಶದಾದ್ಯಂತ ಆಸ್ಪತ್ರೆಗಳಿಂದ ಮಧ್ಯವಯಸ್ಸಿನ ಪುರುಷರ ಶವಪರೀಕ್ಷಾ ವಿವರಗಳನ್ನು ಸಂಗ್ರಹಿಸಿದರು. ಧಮನಿಯ ಗೋಡೆಯ ಕೊಬ್ಬಿನ ಗಂಟುಗಳಲ್ಲಿ ಉದ್ಯೋಗಗಳ ನಡುವೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಆದರೆ ಸ್ನಾಯುವಿನ ಮೇಲಿನ ಹೃದಯಾಘಾತದ ಕಲೆಗಳು, ಮೈಮುರಿದು ದುಡಿಯುವವರಿಗಿಂತ ಕುಳಿತು ಕೆಲಸ ಮಾಡುವವರಲ್ಲಿ ಹೆಚ್ಚಾಗಿದ್ದವು. ಕಚೇರಿ ನೌಕರರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು ಒಳಿತು.

(ಉ) ಬೋಗಲೂಸಾ ಅಧ್ಯಯನ, 1998: ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಬಾಲ್ಯದಿಂದಲೇ ಆರೋಗ್ಯದ ಅಳತೆಗಳನ್ನು ದಾಖಲಿಸಲಾಗಿದ್ದು, ಬಹುತೇಕ ಅಪಘಾತಗಳಲ್ಲಿ ಮೃತಪಟ್ಟ 2ರಿಂದ 39 ವರ್ಷದ 204 ಮಂದಿಯ ಧಮನಿಗಳನ್ನು ಪರೀಕ್ಷಿಸಲಾಯಿತು. ಬೊಜ್ಜು, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವುಗಳ ಸಂಖ್ಯೆ ಹೆಚ್ಚಿದಂತೆಲ್ಲ ಧಮನಿಗಳ ಹಾನಿಯೂ ಹಲವು ಪಟ್ಟು ಹೆಚ್ಚಿತ್ತು. ಕಾಯಿಲೆಯ ಬೀಜವು ಬಾಲ್ಯದಲ್ಲಿಯೇ ಬೀಳುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

7. ಭಾರತ ಹಾಗೂ ಕರ್ನಾಟಕದ ಸ್ಥಿತಿ

2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ, ಭಾರತದಲ್ಲಿ 1990ರಲ್ಲಿ ಒಟ್ಟು ಸಾವುಗಳ ಶೇ. 15.2ರಷ್ಟಕ್ಕೆ ಕಾರಣವಾಗಿದ್ದ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಗಳು 2016ರಲ್ಲಿ ಶೇ. 28.1ರಷ್ಟಕ್ಕೆ ಕಾರಣವಾಗಿದ್ದವು. ಈ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು 70 ವರ್ಷದೊಳಗಿನವರದು. ಆದರೆ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಶೇ. 22.5ರಷ್ಟಕ್ಕೆ ಮಾತ್ರ ವೈದ್ಯಕೀಯವಾಗಿ ದೃಢೀಕರಿಸಿದ ಕಾರಣ ದಾಖಲಾಗಿತ್ತು. ಉಳಿದ ಸಾವುಗಳ ಕಾರಣಕ್ಕೆ ವೈದ್ಯರ ದೃಢೀಕರಣವಿರಲಿಲ್ಲ.

ಕರ್ನಾಟಕದಲ್ಲಿ ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೇ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದ ಬಳಿಕ ಈ ವಿಷಯವು ಮನೆಮಾತಾಯಿತು. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸರಣಿ ಹಠಾತ್ ಸಾವುಗಳು ವರದಿಯಾದಾಗ, ರಾಜ್ಯ ಸರ್ಕಾರವು ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ರಚಿಸಿತು. ಶವಪರೀಕ್ಷೆ ನಡೆಯದ ಸಾವುಗಳಲ್ಲಿ ಕಾರಣವನ್ನು ಹೇಳಿಕೆಗಳು ಹಾಗೂ ಹಳೆಯ ಚಿಕಿತ್ಸಾ ದಾಖಲೆಗಳಿಂದಷ್ಟೇ ಊಹಿಸಬೇಕಾಗುತ್ತದೆ. ಸಮಿತಿಯ ವರದಿಯ ಬಳಿಕ 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಅಧಿಸೂಚಿತ ವರ್ಗಕ್ಕೆ ಸೇರಿಸುವುದಾಗಿ ಹಾಗೂ ಅಂತಹ ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆ ನಡೆಸುವುದಾಗಿ ಸರ್ಕಾರವು ಪ್ರಕಟಿಸಿತು.

ಕೋವಿಡ್ ಲಸಿಕೆಯ ಬಗ್ಗೆ ಸಾರ್ವಜನಿಕರಲ್ಲಿ ಇರುವ ಆತಂಕಕ್ಕೆ ಸಂಬಂಧಿಸಿದಂತೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳ ಮೂಲಕ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು ಪರಿಶೀಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಅತಿಯಾದ ಮದ್ಯಪಾನ ಅಥವಾ ವಿಪರೀತ ದೈಹಿಕ ಶ್ರಮ ಇವು ಅಪಾಯದೊಂದಿಗೆ ಸಂಬಂಧ ಹೊಂದಿದ್ದವು.

8. ವರದಿಯಲ್ಲಿನ ಕೆಲವು ಪದಗಳ ಅರ್ಥ

(ಅ) ಹೃದಯ ಸ್ತಂಭನ: ಹೃದಯವು ನಿಂತುಹೋಗುವುದು. ಪ್ರತಿಯೊಂದು ಸಾವಿನಲ್ಲಿಯೂ ಕೊನೆಗೆ ಹೃದಯ ನಿಲ್ಲುವುದರಿಂದ ಇದು ಸಾವಿನ ರೀತಿಯೇ ಹೊರತು ಕಾರಣವಲ್ಲ. ಪ್ರಮಾಣಪತ್ರದಲ್ಲಿ ಇದಷ್ಟನ್ನೇ ಬರೆಯುವುದು ಸರಿಯಾದ ಕ್ರಮವಲ್ಲ.

(ಆ) ಹೃದಯಾಘಾತ: ರಕ್ತ ಪೂರೈಕೆ ನಿಂತು ಹೃದಯದ ಸ್ನಾಯುವಿನ ಭಾಗವು ಸಾಯುವುದು. ಇದು ಕಾರಣವಾಗಿರುತ್ತದೆ.

(ಇ) ಅಭಿಪ್ರಾಯ ಕಾಯ್ದಿರಿಸಲಾಗಿದೆ: ಪ್ರಯೋಗಾಲಯದ ವರದಿಗಳು ಬಂದ ಮೇಲೆ ಅಂತಿಮ ಅಭಿಪ್ರಾಯ ನೀಡಲಾಗುವುದೆಂದು ಅರ್ಥ. ಇದನ್ನು ಅನುಮಾನದ ಸೂಚನೆಯೆಂದು ಭಾವಿಸಬೇಕಾಗಿಲ್ಲ.

(ಈ) ಸಹಜ ಸಾವು: ಕಾಯಿಲೆಯಿಂದ ಸಂಭವಿಸಿದ ಸಾವು. ಮೃತರ ವಯಸ್ಸು ಎಷ್ಟೇ ಇರಲಿ, ಹೃದ್ರೋಗದ ಸಾವು ಈ ವರ್ಗಕ್ಕೆ ಸೇರುತ್ತದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

9.1 ಮರಣ ನೋಂದಣಿ: ಜನನ ಮರಣ ನೋಂದಣಿ ಅಧಿನಿಯಮ, 1969ರ ಪ್ರಕಾರ ಸಾವು ಸಂಭವಿಸಿದ 21 ದಿನಗಳೊಳಗೆ ಆ ಸ್ಥಳದ ನೋಂದಣಾಧಿಕಾರಿಯವರಲ್ಲಿ ಮಾಹಿತಿ ನೀಡಬೇಕು. 21 ದಿನ ಮೀರಿ 30 ದಿನದೊಳಗಾದಲ್ಲಿ ವಿಳಂಬ ಶುಲ್ಕ ತೆರಬೇಕು. ಅದಕ್ಕೂ ಮೀರಿದಲ್ಲಿ ಮೇಲಧಿಕಾರಿಗಳ ಲಿಖಿತ ಅನುಮತಿ ಅಗತ್ಯ. ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ಪ್ರಯೋಗಾಲಯದ ವರದಿ ಬರಲಿಲ್ಲವೆಂಬ ಕಾರಣಕ್ಕಾಗಿ ನೋಂದಣಿಯನ್ನು ಮುಂದೂಡುವ ಅಗತ್ಯವಿಲ್ಲ.

9.2 ಸಾವಿನ ಕಾರಣದ ದೃಢೀಕರಣ: ಆಸ್ಪತ್ರೆಯಲ್ಲಿ ಸಂಭವಿಸಿದ ಸಾವುಗಳಿಗೆ ನಮೂನೆ 4ರಲ್ಲಿ, ಹೊರಗೆ ಸಂಭವಿಸಿದ ಸಾವುಗಳಿಗೆ ನಮೂನೆ 4ಎ ರಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ವೈದ್ಯಕೀಯ ಸಂಸ್ಥೆಗಳು ಈ ದೃಢೀಕರಣವನ್ನು ಶುಲ್ಕವಿಲ್ಲದೆ ನೋಂದಣಾಧಿಕಾರಿಗೆ ಕಳುಹಿಸಿ, ಅದರ ಪ್ರತಿಯನ್ನು ಸಮೀಪದ ಬಂಧುವಿಗೂ ನೀಡಬೇಕು.

9.3 ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ: ಅಧಿನಿಯಮದ 17ನೇ ಪ್ರಕರಣದಂತೆ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ನಮೂದಿಸುವಂತಿಲ್ಲ. ಕಾರಣ ತೋರಿಸುವ ದಾಖಲೆಯನ್ನು ವಿಮಾ ಸಂಸ್ಥೆಯು ಕೇಳಿದಲ್ಲಿ, ವೈದ್ಯರ ದೃಢೀಕರಣದ ಪ್ರತಿಯನ್ನು ಅಥವಾ ಮರಣೋತ್ತರ ವರದಿಯನ್ನು ಸಲ್ಲಿಸಬೇಕು. ಈ ಕಾರಣಕ್ಕಾಗಿ ಮರಣ ಪ್ರಮಾಣಪತ್ರದ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು ನಿಷ್ಪ್ರಯೋಜಕ.

9.4 ಮರಣೋತ್ತರ ವರದಿಯ ಪ್ರತಿ: ಪೊಲೀಸ್ ಪ್ರಕರಣಗಳಲ್ಲಿ ವೈದ್ಯರು ವರದಿಯನ್ನು ತನಿಖಾಧಿಕಾರಿಗೆ ಸಲ್ಲಿಸುತ್ತಾರೆ. ವಾರಸುದಾರರು ಸಂಬಂಧಪಟ್ಟ ಠಾಣೆಯಲ್ಲಿ, ಪ್ರಕರಣದ ಸಂಖ್ಯೆ, ಮೃತರ ಹೆಸರು, ದಿನಾಂಕ ಹಾಗೂ ತಮ್ಮ ಸಂಬಂಧವನ್ನು ತೋರಿಸುವ ದಾಖಲೆಯೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳುವುದು ಸೂಕ್ತ.

9.5 ವಿಮೆ: ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯು ಯಾವುದೇ ಕಾರಣದ ಸಾವಿಗೆ ರೂ. 2 ಲಕ್ಷ ನೀಡುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ ಇದು ಅನ್ವಯ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದ ಸಾವಿಗೆ ಮಾತ್ರ ಸಂಬಂಧಿಸಿದ್ದು, ಹೃದಯಾಘಾತಕ್ಕೆ ಅನ್ವಯಿಸುವುದಿಲ್ಲ. ದ್ವಿಚಕ್ರ ವಾಹನದಿಂದ ಬಿದ್ದು ಮೃತಪಟ್ಟವರು ಗಾಯದಿಂದ ಸತ್ತರೋ ಅಥವಾ ಹೃದಯಾಘಾತವಾಗಿ ಬಿದ್ದರೋ ಎಂಬುದನ್ನು ಮರಣೋತ್ತರ ಪರೀಕ್ಷೆಯೊಂದೇ ಬೇರ್ಪಡಿಸಬಲ್ಲದು. ಪರೀಕ್ಷೆ ನಡೆಯದ ಪ್ರಕರಣದಲ್ಲಿ ನ್ಯಾಯವಾಗಿ ಸಲ್ಲಬೇಕಾದ ಪರಿಹಾರವೂ ತಪ್ಪಿಹೋಗಬಹುದು. ಮೃತರ ಬ್ಯಾಂಕ್ ಖಾತೆಯಿಂದ ಈ ಯೋಜನೆಗಳ ಕಂತು ಕಡಿತವಾಗಿದೆಯೇ ಎಂಬುದನ್ನು ಪಾಸ್‌ಪುಸ್ತಕದಲ್ಲಿ ಪರಿಶೀಲಿಸಿಕೊಳ್ಳಬೇಕು.

10. ಕುಟುಂಬದವರ ಆರೋಗ್ಯ

ತಂದೆ ಅಥವಾ ಸಹೋದರರಲ್ಲಿ 55 ವರ್ಷಕ್ಕಿಂತ ಮೊದಲು, ತಾಯಿ ಅಥವಾ ಸಹೋದರಿಯರಲ್ಲಿ 65 ವರ್ಷಕ್ಕಿಂತ ಮೊದಲು ಕೊರೊನರಿ ಕಾಯಿಲೆ ಕಂಡುಬಂದಿದ್ದಲ್ಲಿ, ಉಳಿದ ಸದಸ್ಯರು ರಕ್ತದೊತ್ತಡ, ರಕ್ತದ ಸಕ್ಕರೆ ಹಾಗೂ ಕೊಲೆಸ್ಟರಾಲ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳತಕ್ಕದ್ದು. ಸ್ನಾಯುವಿನ ಅನುವಂಶೀಯ ಕಾಯಿಲೆ ಅಥವಾ ಕಾರಣ ಪತ್ತೆಯಾಗದ ಸಾವು ಆಗಿದ್ದಲ್ಲಿ ಇಸಿಜಿ ಮತ್ತು ಎಕೋ ಪರೀಕ್ಷೆ ಅಗತ್ಯ. ವೈದ್ಯರನ್ನು ಕಾಣಲು ಹೋಗುವಾಗ ಮರಣೋತ್ತರ ವರದಿಯ ಪ್ರತಿಯನ್ನು ತಪ್ಪದೆ ಕೊಂಡೊಯ್ಯಬೇಕು.

ಎದೆಯಲ್ಲಿ ಒತ್ತಿದಂತಹ ನೋವು, ಎಡತೋಳು ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಕಂಡುಬಂದ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ, ಯೋಜನೆಗೆ ಒಳಪಟ್ಟ ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ತಜ್ಞರ ಸಲಹೆಯಂತೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಕಂಡಿಕೆ 4.2ರಲ್ಲಿ ತಿಳಿಸಿದ ಗಂಟೆಗಳ ಲೆಕ್ಕವು ಜೀವಂತ ರೋಗಿಗೂ ಅನ್ವಯಿಸುತ್ತದೆ. ಸ್ನಾಯು ಸಾಯುವ ಮುನ್ನ ಚಿಕಿತ್ಸೆ ದೊರೆತಲ್ಲಿ ಮಾತ್ರ ಹೃದಯ ಉಳಿಯುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶವವು ವಿರೂಪಗೊಳ್ಳುವುದೇ?
ಉತ್ತರ: ಇಲ್ಲ. ಪರೀಕ್ಷೆಯ ಬಳಿಕ ದೇಹವನ್ನು ಹೊಲಿದು ಶುಚಿಗೊಳಿಸಿ ಹಸ್ತಾಂತರಿಸಲಾಗುತ್ತದೆ. ಬಟ್ಟೆ ತೊಡಿಸಿದ ಮೇಲೆ ಅಂತಿಮ ದರ್ಶನಕ್ಕೆ ಹಾಗೂ ವಿಧಿಗಳಿಗೆ ಅಡ್ಡಿಯಿರುವುದಿಲ್ಲ.

ಪ್ರಶ್ನೆ: ರಾತ್ರಿ ವೇಳೆ ಪರೀಕ್ಷೆ ನಡೆಸುತ್ತಾರೆಯೇ?
ಉತ್ತರ: ಅಗತ್ಯ ಬೆಳಕು ಹಾಗೂ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಪರೀಕ್ಷೆ ನಡೆಸಲು ಕೇಂದ್ರ ಆರೋಗ್ಯ ಸಚಿವಾಲಯವು 2021ರ ನವೆಂಬರ್‌ನಲ್ಲಿ ಅವಕಾಶ ಕಲ್ಪಿಸಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ ಹಾಗೂ ಸಂಶಯಾಸ್ಪದ ಪ್ರಕರಣಗಳನ್ನು, ಕಾನೂನು ಸುವ್ಯವಸ್ಥೆಯ ಕಾರಣವಿದ್ದ ಹೊರತು, ರಾತ್ರಿ ಪರೀಕ್ಷಿಸುವಂತಿಲ್ಲ.

ಪ್ರಶ್ನೆ: ಆಸ್ಪತ್ರೆಯಲ್ಲಿಯೇ ಎಲ್ಲ ತಪಾಸಣೆ ನಡೆದಿದ್ದಲ್ಲಿ ಪರೀಕ್ಷೆಯ ಅಗತ್ಯವೇನು?
ಉತ್ತರ: ಅಮೆರಿಕದ ಒಂದು ಬೋಧನಾ ಆಸ್ಪತ್ರೆಯಲ್ಲಿ 1960, 1970 ಹಾಗೂ 1980ನೇ ವರ್ಷಗಳ ಶವಪರೀಕ್ಷೆಗಳನ್ನು ಹೋಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ತಿಳಿದಿದ್ದರೆ ಚಿಕಿತ್ಸೆಯನ್ನೇ ಬದಲಿಸಬಹುದಾಗಿದ್ದ ಕಾಯಿಲೆಯು ಪ್ರತಿ ವರ್ಷದ ಸುಮಾರು ಶೇ. 10ರಷ್ಟು ಪ್ರಕರಣಗಳಲ್ಲಿ ಸಾವಿನ ಬಳಿಕವೇ ಪತ್ತೆಯಾಗಿತ್ತು. ತಪಾಸಣಾ ಯಂತ್ರಗಳು ಹೆಚ್ಚಿದರೂ ಆ ಪ್ರಮಾಣ ತಗ್ಗಿರಲಿಲ್ಲ.

ಪ್ರಶ್ನೆ: ಒಪ್ಪಿಗೆ ನೀಡಬೇಕಾದ ಪ್ರಕರಣದಲ್ಲಿ ಹೃದಯದ ಪರೀಕ್ಷೆಯನ್ನು ಮಾತ್ರ ಕೋರಬಹುದೇ?
ಉತ್ತರ: ರೋಗನಿದಾನ ಪರೀಕ್ಷೆಯಲ್ಲಿ ಒಪ್ಪಿಗೆಯನ್ನು ನಿರ್ದಿಷ್ಟ ಅಂಗಗಳಿಗೆ ಸೀಮಿತಗೊಳಿಸಲು ಕೋರಬಹುದು. ಆದರೆ ಶ್ವಾಸಕೋಶ ಹಾಗೂ ಮೆದುಳಿನಲ್ಲಿ ಇರಬಹುದಾದ ಕಾರಣಗಳು ಆಗ ತಿಳಿಯದೆ ಉಳಿಯುತ್ತವೆ.

12. ಸೂಚನೆ

ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣದಲ್ಲಿ ಪರೀಕ್ಷೆ ನಡೆಸಿದ ವೈದ್ಯಾಧಿಕಾರಿಗಳ ಅಭಿಪ್ರಾಯವೇ ಮಾನ್ಯ. ಶುಲ್ಕ ಹಾಗೂ ನಮೂನೆಗಳ ಬಗ್ಗೆ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಿದೆ. ಮೃತರ ಬಗ್ಗೆ ಪಡೆದ ತಿಳಿವಳಿಕೆಯು ಬದುಕಿರುವವರ ರಕ್ಷಣೆಗೆ ನೆರವಾಗಬಲ್ಲದು. ಆದ್ದರಿಂದ ಮರಣೋತ್ತರ ವರದಿಯ ಒಂದು ಪ್ರತಿಯನ್ನು ಕುಟುಂಬದ ಇತರ ದಾಖಲೆಗಳೊಂದಿಗೆ ಜೋಪಾನವಾಗಿ ಇರಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ವಿನಂತಿ.